ತುಮಕೂರಿನ ಖಾಸಗಿ ಐಸಿಯು ಒಂದರ ಸೋಂಕು ನಿಗಾ: ಹಗಲಿಗೆ ನಾಲ್ಕು ಸ್ಟಾರ್, ರಾತ್ರಿಗೆ ಎರಡು

ಐಸಿಯು ಹುಡುಕುವವರು ಬೆಡ್ ಚಾರ್ಜು ಕೇಳುತ್ತಾರೆ, ಸೋಂಕು ನಿಯಂತ್ರಣಕ್ಕೆಂದೇ ಸಿಸ್ಟರ್ ಇದ್ದಾರಾ ಎಂದು ಕೇಳುವುದಿಲ್ಲ. ಇಲ್ಲಿ ಇದ್ದಾರೆ, ಕೆಲಸವೂ ಗಟ್ಟಿ.

ಶಿರಾ, ಪಾವಗಡ ಕಡೆಯಿಂದ ಬರುವ ಎಷ್ಟೋ ರೋಗಿಗಳು ಬೇರೆ ಕಡೆ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ನಳಿಕೆ) ಹಾಕಿಸಿಕೊಂಡೇ ಬಂದಿರುತ್ತಾರೆ. ಯಾವತ್ತು ಹಾಕಿದ್ದು, ಬರುವಾಗಲೇ ಜ್ವರ ಇತ್ತಾ ಎಂಬುದನ್ನು ಸಿಸ್ಟರ್ ದಾಖಲಾದ ದಿನವೇ ಬರೆದುಕೊಳ್ಳುತ್ತಾರೆ. ಮೂರನೇ ದಿನ ಅಥವಾ ಆಮೇಲೆ ಶುರುವಾದದ್ದು ಮಾತ್ರ ಆಸ್ಪತ್ರೆಯ ಸೋಂಕಿನ ಲೆಕ್ಕಕ್ಕೆ. ಕ್ಯಾತಿಟರ್, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ), ವೆಂಟಿಲೇಟರ್ ಎಷ್ಟು ಜನಕ್ಕಿದೆ ಎಂದು ದಿನಾ ಒಂದೇ ಹೊತ್ತಿಗೆ ಎಣಿಸುತ್ತಾರೆ. ಒಬ್ಬರಿಗೆ ಒಂದು ದಿನ ಕ್ಯಾತಿಟರ್ ಇದ್ದರೆ ಅದು ಒಂದು ಕ್ಯಾತಿಟರ್ ದಿನ; ಇಂಥ 400 ದಿನಕ್ಕೆ 2 ಸೋಂಕು ಎಂದರೆ ಸಾವಿರಕ್ಕೆ 5. ಭಾನುವಾರ ಎಣಿಸದೆ 340 ಎಂದು ಬರೆದರೆ ಅದೇ 2 ಸೋಂಕು ಸಾವಿರಕ್ಕೆ ಸುಮಾರು 6 ಆಗುತ್ತದೆ, ಇಲ್ಲದ ಏರಿಕೆಗೆ ಎಲ್ಲರೂ ಗಾಬರಿಬೀಳುತ್ತಾರೆ.

ಕೆಡುವುದು ರಾತ್ರಿ ಪಾಳಿಯಲ್ಲಿ. ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಮೂತ್ರವನ್ನು ಬ್ಯಾಗಿನ ಕೆಳಗಿನ ನಲ್ಲಿಯಿಂದ ಹಿಡಿಯುತ್ತಾರೆ. ಗಂಟೆಗಟ್ಟಲೆ ಬ್ಯಾಗಿನಲ್ಲಿ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದೇ ಬೆಳೆಯುತ್ತದೆ. ರಿಪೋರ್ಟ್ ಪಾಸಿಟಿವ್, ರೋಗಿಗೆ ಬೇಡದ ಆ್ಯಂಟಿಬಯಾಟಿಕ್. ಸ್ಯಾಂಪಲ್ ಪೋರ್ಟಿನ (ಟ್ಯೂಬಿನಲ್ಲಿ ಸ್ಯಾಂಪಲ್ ತೆಗೆಯಲೆಂದೇ ಇರುವ ಜಾಗ) ಕೆಳಗೆ ಟ್ಯೂಬಿಗೆ ಕ್ಲ್ಯಾಂಪ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಪೋರ್ಟನ್ನು ಸ್ಪಿರಿಟ್‌ನಿಂದ ಉಜ್ಜಿ, ಒಣಗಿದ ಮೇಲೆ ಸಿರಿಂಜಿನಲ್ಲಿ ಎಳೆಯಬೇಕು. ಆಮೇಲೆ ಕ್ಲ್ಯಾಂಪ್ ತೆಗೆಯಲು ಮರೆಯಬಾರದು (ಮರೆಯುತ್ತಾರೆ). ಲ್ಯಾಬ್ ಬಾಗಿಲು ಹಾಕಿದ್ದರೆ ಸ್ಯಾಂಪಲ್ ಫ್ರಿಜ್ಜಿಗೆ ಹೋಗಬೇಕು, ಕೌಂಟರ್ ಮೇಲೆ ಬೆಳಗಿನವರೆಗೆ ಕೂರಬಾರದು.

ಒಂದೇ ವಾರದಲ್ಲಿ ಮೂವರಿಗೆ ಒಂದೇ ಬ್ಯಾಕ್ಟೀರಿಯಾ, ಒಂದೇ ಔಷಧಿಗಳಿಗೆ ಬಗ್ಗದ್ದು ಕಂಡರೆ ಇಲ್ಲಿನ ಕ್ರಮ ಮೆಚ್ಚುವಂಥದ್ದು. ಬೆಡ್ ನಂಬರ್, ದಾಖಲಾದ ದಿನ, ಯಾವ ಪ್ರೊಸೀಜರ್, ಯಾವ ಪಾಳಿ ಎಂದು ಪಟ್ಟಿ ಮಾಡಿ, ಮೂವರನ್ನೂ ಒಂದು ಬದಿಗೆ ಹಾಕಿ, ಬಿಪಿ ಕಫ್, ಥರ್ಮಾಮೀಟರ್ ಬೇರೆ ಮಾಡಿ, ನೋಡಿಕೊಳ್ಳಲು ಬೇರೆ ನರ್ಸ್ ಇಡುತ್ತಾರೆ. ಒಂದೇ ಸಲೈನ್ ಬಾಟಲಿಯಿಂದ ಹಲವರಿಗೆ ಫ್ಲಶ್ (ಲೈನ್ ಕಟ್ಟದಂತೆ ಒಳಗೆ ಬಿಡುವ ಸಲೈನ್) ಎಳೆದಿದ್ದಾರಾ, ಆಕ್ಸಿಜನ್ ಹ್ಯುಮಿಡಿಫೈಯರಿಗೆ (ಆಕ್ಸಿಜನ್ನಿಗೆ ತೇವ ಕೊಡುವ ಬಾಟಲಿ) ನಲ್ಲಿ ನೀರು ಹಾಕಿದ್ದಾರಾ ಎಂಬುದನ್ನು ಮೊದಲು ನೋಡುತ್ತಾರೆ. ಮೂಲ ಬಹಳ ಸಲ ಅಲ್ಲೇ ಇರುತ್ತದೆ. ಅನುಮಾನವಿದ್ದ ಕಡೆ ಸ್ವ್ಯಾಬ್ ತೆಗೆದ ಮೇಲೆಯೇ ಒರೆಸುವುದು. ಗಾಬರಿಯಲ್ಲಿ ಮೊದಲೇ ತೊಳೆದುಬಿಟ್ಟರೆ ಸಾಕ್ಷಿ ಚರಂಡಿ ಪಾಲು.

ಹೈಪೋ (ಸೋಂಕುನಾಶಕ ಕ್ಲೋರಿನ್ ದ್ರಾವಣ) 5% ಇದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಆಗ 1%. ಅಳತೆ ಸರಿಯಿದೆ, ಆದರೆ ಚೆಲ್ಲಿದ ರಕ್ತ ಒರೆಸಿ ತೆಗೆಯದೆ ಮೇಲೇ ಸುರಿಯುತ್ತಾರೆ. ಕೊಳೆಗೆ ಸಿಕ್ಕ ಕ್ಲೋರಿನ್ ಅಲ್ಲೇ ಖರ್ಚಾಗುತ್ತದೆ.

ದೊಡ್ಡ ತಕರಾರು ಮ್ಯಾನೇಜ್‌ಮೆಂಟ್ ಮೇಲೆ. ಬೇಡದ ಕ್ಯಾತಿಟರ್ ಎಂದು ಸಿಸ್ಟರ್ ಶನಿವಾರ ಗುರುತಿಸಿದರೂ ತೆಗೆಯಲು ಡಾಕ್ಟರ್ ಸಹಿಗಾಗಿ ಸೋಮವಾರದವರೆಗೆ ಕಾಯಬೇಕು. ಯಾವ ಲಕ್ಷಣಕ್ಕೆ ನರ್ಸೇ ತೆಗೆಯಬಹುದು ಎಂದು ಒಂದು ಹಾಳೆಯ ಲಿಖಿತ ಆದೇಶ ಕೊಟ್ಟರೆ ಮುಗಿಯಿತು.