ದ್ವಿತೀಯ ಪಿಯು ಇಂಗ್ಲಿಷ್ ಗೈಡ್: ದಪ್ಪ ಮುಂದೆ, ಸತ್ವ ಹಿಂದೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವುದೇ ಪುಸ್ತಕದಂಗಡಿಯಲ್ಲಿ ದ್ವಿತೀಯ ಪಿಯು ಇಂಗ್ಲಿಷ್ ಗೈಡ್ ಕೇಳಿದರೆ ಮೊದಲು ಮುಂದಿಡುವುದು ಈ ನೀಲಿ ರಟ್ಟಿನ ದಪ್ಪ ಗೈಡನ್ನೇ. ಹೆಸರು ಬೇಡ. ರಟ್ಟಿನ ಮೇಲೆ ‘ಪಾಸಿಂಗ್ ಪ್ಯಾಕೇಜ್ ಸಹಿತ’ (ಪಾಸಾಗಲು ಬೇಕಾದಷ್ಟೇ ಆಯ್ದ ಪ್ರಶ್ನೋತ್ತರ) ಎಂದು ದೊಡ್ಡದಾಗಿ ಅಚ್ಚಾಗಿದೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹುಡುಗ ಹುಡುಗಿಯರು ಪಠ್ಯಪುಸ್ತಕ ಮುಚ್ಚಿಟ್ಟು ಇದನ್ನೇ ಓದುತ್ತಾರೆ.

ಪಿಯು ಇಂಗ್ಲಿಷ್ ಪತ್ರಿಕೆ ಒಂದೇ ಆದರೂ ಒಳಗಿರುವುದು ಎರಡು ವಿಷಯ. ಕತೆ, ಕವಿತೆ, ಲೇಖನ ಒಂದು ಕಡೆ. ವ್ಯಾಕರಣ, ನೋಟ್ ಮೇಕಿಂಗ್ (ಕೊಟ್ಟ ಪ್ಯಾರಾದ ಮುಖ್ಯ ಅಂಶಗಳನ್ನು ಡಬ್ಬಿಗಳಲ್ಲಿ ತುಂಬುವುದು), ಕೆಲಸದ ಅರ್ಜಿ ಪತ್ರ ಇನ್ನೊಂದು ಕಡೆ. ಗೈಡಿನ ಮುಕ್ಕಾಲು ಪಾಲು ಹೋಗಿರುವುದು ಮೊದಲನೆಯದಕ್ಕೆ, ಅದೇ ಭಾಗ ಸಪ್ಪೆ.

ತಮಿಳುನಾಡಿನ ಪುದುಕೋಟೆಯ ಹೆಣ್ಣುಮಕ್ಕಳು ಸೈಕಲ್ ಕಲಿತ ಬಗ್ಗೆ ಪತ್ರಕರ್ತ ಪಿ. ಸಾಯಿನಾಥ್ ಬರೆದ ಪಾಠವನ್ನೇ ನೋಡಿ. ಸಾರಾಂಶದಲ್ಲಿ ‘ಮಹಿಳಾ ಸಬಲೀಕರಣ’ ಎಂಬ ಮಾತು ಸಾಲು ಬಿಟ್ಟು ಸಾಲಿಗೆ ಬರುತ್ತದೆ. ಸೈಕಲ್ ಬಂದ ಮೇಲೆ ಬಸ್ಸಿಗೆ ಕಾಯುವುದು ತಪ್ಪಿದ್ದು, ಇನ್ನೂ ನಾಲ್ಕು ಊರಿಗೆ ಹೋಗಿ ಮಾಲು ಮಾರಲು ಆದದ್ದು, ಗಂಡನನ್ನೋ ಮಗನನ್ನೋ ನೆಚ್ಚಿಕೊಳ್ಳಬೇಕಾದ ಪಾಡು ಹೋದದ್ದು ಎಲ್ಲ ಸೇರಿ ಒಂದೇ ಸಾಲು. ಪ್ರಶ್ನೆ ಬರುವುದು ಅಲ್ಲಿಂದಲೇ. ಜೆಂಟ್ಸ್ ಸೈಕಲ್ಲೇ ಯಾಕೆ ಬೇಕೆಂದರು ಎಂಬುದಕ್ಕೆ ಲೇಡೀಸ್ ಸೈಕಲ್ ಸಿಗುತ್ತಿರಲಿಲ್ಲ ಎಂದಷ್ಟೇ ಕೊಟ್ಟಿದ್ದಾರೆ; ಮುಂದಿನ ದಂಡದ ಮೇಲೆ ಮಗುವನ್ನು ಕೂಡಿಸಬಹುದು ಎಂಬ ಕಾರಣವನ್ನು ಬಿಟ್ಟೇಬಿಟ್ಟಿದ್ದಾರೆ. ಕುವೆಂಪು ಕವಿತೆಯದು ಇನ್ನೂ ತಮಾಷೆ. ಕನ್ನಡದ ಕವಿತೆಯ ಇಂಗ್ಲಿಷ್ ಅನುವಾದವನ್ನು ಮತ್ತೆ ಕನ್ನಡಕ್ಕೆ ತಂದು ‘ಭಾವಾರ್ಥ’ ಎಂದು ಅಚ್ಚು ಹಾಕಿದ್ದಾರೆ. ಮೂಲವನ್ನೇ ಎರಡು ಸಲ ಓದಿಕೊಳ್ಳುವುದು ಲೇಸು.

ವ್ಯಾಕರಣದ ಭಾಗ ಹಾಗಲ್ಲ. ಪ್ಯಾಸಿವ್ ವಾಯ್ಸನ್ನು (ಕರ್ಮಣಿ ಪ್ರಯೋಗ) ಬಿಡಿ ವಾಕ್ಯಗಳಲ್ಲಿ ಕೊಡದೆ, ಪರೀಕ್ಷೆಯಲ್ಲಿ ಬರುವಂತೆಯೇ ಪುಟ್ಟ ಪ್ಯಾರಾದಲ್ಲಿ ಖಾಲಿ ಬಿಟ್ಟು ಕೊಟ್ಟಿದ್ದಾರೆ. ಅದಲುಬದಲಾದ ಪದ ಜೋಡಿಸುವುದು, ವಾಕ್ಯ ಬೆಸೆಯುವ ಲಿಂಕರ್ ಪದ ತುಂಬುವುದು, ಎಲ್ಲಕ್ಕೂ ಉತ್ತರದ ಜೊತೆ ಕಾರಣವೂ ಇದೆ. ದುಡ್ಡು ಕೊಡುವುದಿದ್ದರೆ ಇದಕ್ಕೆ ಕೊಡಬೇಕು.

ಆದರೆ ರಿಪೋರ್ಟೆಡ್ ಸ್ಪೀಚ್‌ನಲ್ಲಿ, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರು ವರದಿ ಮಾಡಿ ಹೇಳುವಲ್ಲಿ, ಎಡವಿದ್ದಾರೆ. ನಿಯಮಗಳ ಕೋಷ್ಟಕ ಸರಿಯಿದೆ, ನಮ್ಮ ಮಕ್ಕಳು ತಪ್ಪುವುದೆಲ್ಲಿ ಎಂಬುದು ಮಾತ್ರ ಬರೆದವರಿಗೆ ಹೊಳೆದಿಲ್ಲ. ಕನ್ನಡದಲ್ಲಿ ‘ಎಲ್ಲಿಗಿ ಹೊಂಟಿ ಅಂತ ಕೇಳ್ದ’ ಎಂದರೆ ಮುಗಿಯಿತು. ಆಡಿದ ಮಾತು ಇದ್ದ ಹಾಗೇ ಇರುತ್ತದೆ, ‘ಅಂತ’ ಎಲ್ಲವನ್ನೂ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹಾಗಾಗದು. ‘ವೇರ್ ಆರ್ ಯೂ ಗೋಯಿಂಗ್’ ಎಂಬುದು ‘ಆಸ್ಕ್ಡ್ ಹಿಮ್ ವೇರ್ ಹಿ ವಾಸ್ ಗೋಯಿಂಗ್’ ಆಗಬೇಕು: ಕಾಲ ಹಿಂದೆ ಸರಿಯಬೇಕು, ‘ಯೂ’ ಹೋಗಿ ‘ಹಿ’ ಬರಬೇಕು, ‘ವಾಸ್’ ಕರ್ತೃವಾದ ‘ಹಿ’ಯ ನಂತರ ಹೋಗಿ ಕೂರಬೇಕು. ಹೆಚ್ಚಿನವರು ಮೊದಲೆರಡು ಮಾಡಿ ‘ವೇರ್ ವಾಸ್ ಹಿ ಗೋಯಿಂಗ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಗೈಡಿನ ಮೂರನೇ ಅಭ್ಯಾಸದ ಉತ್ತರದಲ್ಲೂ ಇದೇ ತಪ್ಪು ಅಚ್ಚಾಗಿದೆ! ‘ಡಿಡ್’ ಇಂದ ಶುರುವಾಗುವ ಪ್ರಶ್ನೆಯಲ್ಲಿ ‘ಡಿಡ್’ ಬಿದ್ದುಹೋಗಿ ‘ಇಫ್ ಹಿ ಹ್ಯಾಡ್’ ಬರುತ್ತದೆ ಎಂಬುದಕ್ಕೆ ಒಂದೂ ಉದಾಹರಣೆಯಿಲ್ಲ. ಪೆನ್ಸಿಲ್ ಹಿಡಿದು ಬದಿಯಲ್ಲಿ ನೀವೇ ನಾಲ್ಕು ಬರೆದುಕೊಳ್ಳಬೇಕು.

ನೋಟ್ ಮೇಕಿಂಗ್‌ನ ಡಬ್ಬಿಗಳಲ್ಲಿ ಇಡೀ ವಾಕ್ಯ ತುಂಬಿದ್ದಾರೆ. ಅಲ್ಲಿ ಬೇಕಾದದ್ದು ಒಂದೆರಡು ಪದ ಅಷ್ಟೇ.

ಅರ್ಜಿ ಪತ್ರದ ಪುಟದಲ್ಲಿ ಇನ್ನೊಂದು ಗುಂಡಿ ಇದೆ. ಹೆಸರಿಗೆ ಎಕ್ಸ್ ಎಕ್ಸ್ ಎಕ್ಸ್, ವಿಳಾಸಕ್ಕೆ ವೈ ವೈ ವೈ ಎಂದು ಬರೆಯಿರಿ ಎಂದು ಪ್ರಶ್ನೆಯಲ್ಲೇ ಸೂಚನೆ ಇರುತ್ತದೆ. ಗೈಡಿನ ಮಾದರಿಯಲ್ಲಿ ಪೂರ್ತಿ ಹೆಸರು, ಮನೆ ನಂಬರು, ಬಡಾವಣೆ ಎಲ್ಲ ಇದೆ, ಕಂಠಪಾಠ ಮಾಡಿದವರು ಅದನ್ನೇ ಇಳಿಸುತ್ತಾರೆ. ಸ್ವವಿವರವನ್ನೂ ಪತ್ರದೊಳಗೇ ತುರುಕಿದ್ದಾರೆ. ಪತ್ರ ಚಿಕ್ಕದಾಗಿ ಮುಗಿಸಿ, ಜನ್ಮ ದಿನಾಂಕ, ವಿದ್ಯಾರ್ಹತೆ, ಅನುಭವ, ಬಲ್ಲ ಭಾಷೆಗಳನ್ನು ಕೆಳಗೆ ಬೇರೆಯಾಗಿ ಬರೆದರೆ ನೋಡುವವರಿಗೂ ಸಲೀಸು.

ಇನ್ನು ಆ ‘ಪಾಸಿಂಗ್ ಪ್ಯಾಕೇಜ್’. 2025ರ ಪರೀಕ್ಷೆ-1ರ (ಆ ವರ್ಷದ ಮೊದಲ ಪರೀಕ್ಷೆ) ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆಯ ಜಿಲ್ಲೆಯಾಗಿತ್ತು, ನಮ್ಮ ಭಾಗದಲ್ಲಿ ಈ ಎರಡು ಪದಕ್ಕೆ ಗಿರಾಕಿ ಇರುವುದು ಸಹಜ. ಒಳಗೆ ನೋಡಿದರೆ ಗೈಡಿನ ಮುಂಭಾಗದ ಪುಟಗಳ ಒಂದು ಅಂಕದ ಪ್ರಶ್ನೆಗಳನ್ನೇ ಸಣ್ಣ ಅಕ್ಷರದಲ್ಲಿ ಮತ್ತೆ ಅಚ್ಚು ಹಾಕಿದ್ದಾರೆ.

ಕೊಳ್ಳುವ ಮುಂಚೆ ಹಿಂಬದಿಯ ಮಾದರಿ ಪ್ರಶ್ನೆಪತ್ರಿಕೆ ತೆಗೆದು ನೋಡಿ. ಗರಿಷ್ಠ ಅಂಕ 100 ಎಂದಿದ್ದರೆ ಅದು ಹಳೇ ಮಾಲು. 2023-24ರಿಂದ ಲಿಖಿತಕ್ಕೆ 80, ಆಂತರಿಕಕ್ಕೆ 20. ಅಂಗಡಿಯವರು ರಿಯಾಯಿತಿ ಕೊಟ್ಟು ಸಾಗಹಾಕಲು ನೋಡುವುದು ಇವನ್ನೇ. ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಳ್ಳಿ. ಸೀನಿಯರ್ ಯಾರಾದರೂ ಹೊಸ ಆವೃತ್ತಿಯನ್ನು ಅರ್ಧ ಬೆಲೆಗೆ ಕೊಟ್ಟರೆ ವ್ಯಾಕರಣದ ಭಾಗಕ್ಕಾಗಿ ತಗೊಳ್ಳಿ, ಪೂರ್ತಿ ಬೆಲೆಗೆ ಬೇಡ.