ಗ್ರಂಥಾಲಯಕ್ಕೆ ಯಾವುದು ಸರಿ: ವಾಟ್ಸಾಪ್ ಗುಂಪಾ, ಚಾನೆಲ್ಲಾ, ಫೇಸ್‌ಬುಕ್ ಪುಟವಾ?

ಗ್ರಂಥಾಲಯದ ಸುದ್ದಿ ಓದುಗರ ಫೋನಿಗೆ ತಲುಪಬೇಕು. ನೋಡಿಕೊಳ್ಳಲು ಇರುವುದು ಮಾತ್ರ ಒಬ್ಬರೇ ಸಿಬ್ಬಂದಿ. ಹಾಗಿದ್ದರೆ ಒಂದನ್ನೇ ಆರಿಸಿ, ಅದನ್ನೇ ಸರಿಯಾಗಿ ನಡೆಸಿ.

ವಾಟ್ಸಾಪ್ ಗುಂಪು ಶುರು ಮಾಡುವುದು ಸುಲಭ. 1,024 ಜನ ಸೇರಬಹುದು. ತೊಂದರೆ ಏನೆಂದರೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಬೆಳಗಾದರೆ ಸಾಕು, ಹೂವಿನ ಚಿತ್ರದ ಶುಭೋದಯಗಳು ಬೇರೆ. 'ನಾಳೆ ರಜೆ' ಎಂಬ ನಿಮ್ಮ ಸೂಚನೆ ಅವುಗಳ ಅಡಿಯಲ್ಲೇ ಹೂತುಹೋಗುತ್ತದೆ.

ಅದೇ ವಾಟ್ಸಾಪ್‌ನ ಚಾನೆಲ್ 2023ರಲ್ಲಿ ಬಂತು. ಸುದ್ದಿ ಹಾಕುವುದು ನೀವು ಮಾತ್ರ. ಓದುಗರ ನಂಬರ್ ಉಳಿದ ಓದುಗರಿಗೆ ಕಾಣುವುದಿಲ್ಲ. ಯಾರು ಏನು ಓದುತ್ತಾರೆ ಅನ್ನುವುದು ಗುಟ್ಟಾಗಿರಬೇಕಾದ ಜಾಗ ಗ್ರಂಥಾಲಯ, ಅಲ್ವಾ? ಹಾಗಾಗಿ ನನ್ನ ಓಟು ಇದಕ್ಕೇ. ಗುಂಪಿನ ಹರಟೆ ಇಲ್ಲಿ ಸಿಗದು. ಹೊಸ ಪುಸ್ತಕಗಳ ಫೋಟೋ ಹಾಕುವಾಗ ಕೆಳಗೇ ಆನ್‌ಲೈನ್ ಕ್ಯಾಟಲಾಗಿನ ಲಿಂಕ್ ಕೊಡಿ. 'ಈ ಪುಸ್ತಕ ಇದೆಯಾ?' ಅನ್ನುವವರು ತಾವೇ ನೋಡಿಕೊಳ್ಳಲಿ.

ಫೇಸ್‌ಬುಕ್ ಪುಟವನ್ನು ಹೊಸಬರೂ ಹುಡುಕಿ ಬರಬಹುದು. ಆದರೆ ಹಾಕಿದ್ದೆಲ್ಲ ಎಲ್ಲರಿಗೂ ಕಾಣುವುದಿಲ್ಲ. ರಜೆಯ ಸೂಚನೆ ರಜೆ ಮುಗಿದ ಮೇಲೆ ಕಂಡರೆ ಏನು ಪ್ರಯೋಜನ?

ಇನ್‌ಸ್ಟಾಗ್ರಾಂ? ರೀಲ್ ಮಾಡುವ ಉತ್ಸಾಹಿ ಯಾರಾದರೂ ಇದ್ದರೆ ಮಾತ್ರ.