ಡ್ರಾಯರ್ ಸ್ಟ್ಯಾಂಡಿಗೆ 1,450 ರೂಪಾಯಿ, ಚಪ್ಪಲಿ ಬಾಕ್ಸಿಗೆ ಸೊನ್ನೆ

ಕ್ಲಾಸಿನ ಮಕ್ಕಳು ತಮ್ಮ ಪಾಡಿಗೆ ಮಾಡುವ ಕೆಲಸಗಳನ್ನು ಯಾವುದರಲ್ಲಿ ಜೋಡಿಸಿಡಬೇಕು ಅಂತ ಡ್ರಾಯರ್ ಸ್ಟ್ಯಾಂಡ್, ವೆಲ್ಕ್ರೋ ಫೈಲ್, ಚಪ್ಪಲಿ ಬಾಕ್ಸ್ ಮೂರನ್ನೂ ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಚಪ್ಪಲಿ ಬಾಕ್ಸು. ಡ್ರಾಯರ್ ಸ್ಟ್ಯಾಂಡ್ ಈಗ ನಮ್ಮನೆ ಅಡುಗೆಮನೆಯಲ್ಲಿ ಈರುಳ್ಳಿ, ಆಲೂಗಡ್ಡೆ ಕಾಯುತ್ತಿದೆ.

ಮೈಸೂರಿನ ಒಂದು ವಿಶೇಷ ಶಾಲೆಯಲ್ಲಿ ನನ್ನದು 6 ಮಕ್ಕಳ ಕ್ಲಾಸು. ನಾನು, ಜೊತೆಗೆ ಒಬ್ಬರು ಆಯಮ್ಮ. ಒಂದು ಮಗುವಿನ ಪಕ್ಕ ಕೂತು ಹೇಳಿಕೊಡುವಾಗ ಉಳಿದವರು ತಮ್ಮ ಪಾಡಿಗೆ ಕೆಲಸ ಮಾಡಬೇಕು, ಅಲ್ವಾ? ಆಟಿಸಂ ಇರುವ ಮಕ್ಕಳಿಗೆ ಇದಕ್ಕೆ ಟೀಚ್ (TEACCH) ಪದ್ಧತಿಯ ವರ್ಕ್ ಸಿಸ್ಟಮ್, ಅಂದರೆ ಕೆಲಸ ಜೋಡಿಸಿಡುವ ಕ್ರಮ, ಇದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1972ರಲ್ಲಿ ಶುರುವಾದ ಕಾರ್ಯಕ್ರಮ ಅದು. ನಾವು ಬಾಯಿ ಬಿಡದೆಯೇ ಮಗುವಿಗೆ ನಾಲ್ಕು ವಿಷಯ ಕಣ್ಣಿಗೆ ಕಾಣಬೇಕು: ಏನು ಕೆಲಸ, ಎಷ್ಟು, ಯಾವಾಗ ಮುಗಿಯಿತು, ಆಮೇಲೇನು.

ನಾನು ಎಡವಿದ್ದು ಆ ಮೂರನೆಯದರಲ್ಲಿ.

ಮೂರು ಡ್ರಾಯರ್, ಕೆಳಗೆ ಚಕ್ರ, ನೋಡೋಕೆ ಚೆಂದ. 11 ವರ್ಷದ ಹುಡುಗನೊಬ್ಬ ಮೊದಲನೇ ಡ್ರಾಯರ್ ಎಳೆದ. ಒಂದು ರಟ್ಟು, 10 ಬಟ್ಟೆ ಕ್ಲಿಪ್. ಎಲ್ಲವನ್ನೂ ಸಿಕ್ಕಿಸಿ ವಾಪಸ್ ಇಟ್ಟ. ಎರಡನೆಯದು, ಮೂರನೆಯದು ಆಯಿತು. ಆಮೇಲೆ ಮತ್ತೆ ಮೊದಲನೆಯದನ್ನೇ ಎಳೆದ! ಕ್ಲಿಪ್‌ಗಳನ್ನು ಒಂದೊಂದಾಗಿ ಕಿತ್ತು, ಒಂದೊಂದಾಗಿ ಸಿಕ್ಕಿಸಿದ. ಬಿಟ್ಟಿದ್ದರೆ ಸಂಜೆ ವ್ಯಾನ್ ಬರುವವರೆಗೂ ಮಾಡುತ್ತಿದ್ದ. ತಪ್ಪು ಅವನದಲ್ಲ. ಮಾಡುವ ಮೊದಲೂ ಡ್ರಾಯರಲ್ಲಿ ಕ್ಲಿಪ್ಪು, ಮಾಡಿದ ಮೇಲೂ ಡ್ರಾಯರಲ್ಲಿ ಕ್ಲಿಪ್ಪು. ಮುಗಿಯಿತು ಅಂತ ಅವನಿಗೆ ಗೊತ್ತಾಗುವುದಾದರೂ ಹೇಗೆ?

ಪಕ್ಕದಲ್ಲಿ ಒಂದು ಟಬ್ ಇಟ್ಟು, ಮಾಡಿದ್ದನ್ನು ಅದಕ್ಕೆ ಹಾಕು ಅಂತ ತೋರಿಸಿಕೊಟ್ಟೆ. ಡ್ರಾಯರನ್ನೇ ಪೂರ್ತಿ ಕಿತ್ತು ತಂದು ಟಬ್ಬಿಗೆ ಹಾಕಿದ. ಅದನ್ನು ಮತ್ತೆ ಸಂದಿಗೆ ಕೂರಿಸಲು ಪ್ರತಿ ಸಲ ನಾನೇ ಏಳಬೇಕು. ಹುಡುಗ ಸ್ವಂತವಾಗಿ ಕೆಲಸ ಮಾಡಲಿ ಅಂತ ತಂದ ಸ್ಟ್ಯಾಂಡಿಗೆ ನಾನೇ ಆಳಾದೆ.

ಇನ್ನೊಂದು ದಾರಿ ವೆಲ್ಕ್ರೋ ಹಚ್ಚಿದ ಫೈಲ್, ಅದರಲ್ಲಿ ಚಿತ್ರಗಳನ್ನು ಕಿತ್ತು ಸರಿಯಾದ ಜಾಗಕ್ಕೆ ಅಂಟಿಸಬೇಕು. ಅದು ಜಾಗ ತಿನ್ನುವುದಿಲ್ಲ. ಕ್ಲಾಸಿಂದ ಕ್ಲಾಸಿಗೆ ಓಡಾಡುವ ಟೀಚರ್ ಆದರೆ ಅದೇ ಸರಿ. ಆದರೆ ನಮ್ಮ ಒಬ್ಬ ಹುಡುಗಿಗೆ ಚಿತ್ರ ಬೇಡ, ಆ 'ಚರ್ರ್' ಸದ್ದೇ ಬೇಕು. ಏಪ್ರಿಲ್ ಬಿಸಿಲಿಗೆ ಗಮ್ಮೂ ಬಿಟ್ಟಿತು.

ಚಪ್ಪಲಿ ಬಾಕ್ಸ್‌ಗಳನ್ನು ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಸುಮ್ನೆ ಕೊಟ್ಟರು. ಮುಚ್ಚಳ ತೆಗೆದು ಮೂರನ್ನು ಮಗುವಿನ ಎಡಗಡೆ ರ್‍ಯಾಕಲ್ಲಿ ಇಟ್ಟೆ. ಬಲಗಡೆ ನೆಲದ ಮೇಲೆ ಬುಟ್ಟಿ. ಮೇಜಿನ ಮೇಲೆ 1, 2, 3 ಚೀಟಿ, ಕೊನೆಗೆ ಉಯ್ಯಾಲೆಯ ಫೋಟೋ. ಹುರುಳಿ, ಅವರೆಕಾಳು ಬೇರೆ ಮಾಡಿದ ಮೇಲೆ ಬಾಕ್ಸ್ ಸಮೇತ ಬುಟ್ಟಿಗೆ. ಅದೇ ಹುಡುಗ ಮೂರನೆಯದನ್ನು ಹಾಕಿ, ಖಾಲಿ ರ್‍ಯಾಕಿನ ಮೇಲೆ ಒಮ್ಮೆ ಕೈ ಆಡಿಸಿದ. ಉಯ್ಯಾಲೆ ಚೀಟಿ ಕಿತ್ತುಕೊಂಡು ಹೊರಟ. ನಾನು ಒಂದು ಮಾತೂ ಆಡಿರಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ರಟ್ಟು ಎರಡು ತಿಂಗಳಿಗೆ ಹರಿಯುತ್ತದೆ. ದಿನಾ ಸಂಜೆ ಕಾಲು ಗಂಟೆ ಎಲ್ಲವನ್ನೂ ಮತ್ತೆ ಜೋಡಿಸಬೇಕು. ವ್ಯಾನಿಗೆ ಕಾಯುವ ಹೊತ್ತಲ್ಲಿ ನನಗೆ ಹೇಗೂ ಕೆಲಸವಿಲ್ಲ. ಮಗುವಿಗೆ ಆಗಲೇ ಬರುವ ಕೆಲಸವನ್ನೇ ಬಾಕ್ಸಿಗೆ ಹಾಕಿ, ಹೊಸದನ್ನು ಪಕ್ಕ ಕೂತೇ ಕಲಿಸಬೇಕು. ಕೈಯಲ್ಲಿ ದುಡ್ಡಿದ್ದರೆ ಮುಚ್ಚಳವಿಲ್ಲದ ಪ್ಲಾಸ್ಟಿಕ್ ಟ್ರೇ ತಗೊಳ್ಳಿ, ಡ್ರಾಯರ್ ಮಾತ್ರ ಬೇಡ.

ಬುಟ್ಟಿ ದೊಡ್ಡದೇ ಇರಲಿ. ಸಂತೇಪೇಟೆಯಿಂದ ನಾನು ಮೊದಲು ತಂದದ್ದರಲ್ಲಿ ಎರಡೇ ಬಾಕ್ಸ್ ಹಿಡಿಯಿತು. ಮೂರನೆಯದನ್ನು ಹುಡುಗ ತಂದು ನನ್ನ ತೊಡೆ ಮೇಲಿಟ್ಟ.